ಒಪ್ಪಂದದಲ್ಲಿಲ್ಲದ ಬಾಡಿಗೆಯನ್ನು ಕೊಡಬೇಡಿ

ಅಮೆರಿಕದಲ್ಲಿ ಸೆಕ್ಷನ್ 8 ವೋಚರ್ (ಕಡಿಮೆ ಆದಾಯದವರ ಬಾಡಿಗೆಯ ಒಂದು ಪಾಲನ್ನು ಸರ್ಕಾರ ಭರಿಸುವ ನೆರವು) ದೊರೆತಿರುವ ನಿಮ್ಮ ತಾಯಿಯವರಿಂದ ಮನೆ ಮಾಲೀಕರು ಒಪ್ಪಂದದ ಹೊರಗೆ ತಿಂಗಳಿಗೆ 150 ಡಾಲರ್ ನಗದು ಕೇಳುತ್ತಿದ್ದಾರೆ, ಕೊಡಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ಈ ವೋಚರನ್ನು ನಿರ್ವಹಿಸುವ ಸ್ಥಳೀಯ ವಸತಿ ಪ್ರಾಧಿಕಾರವು ಒಪ್ಪಿದ ಬಾಡಿಗೆಯ ಮೇಲೆ ಹೀಗೆ ಗುಟ್ಟಾಗಿ ಹಣ ಪಡೆಯುವುದು ನಿಯಮಬಾಹಿರವಾಗಿದ್ದು, ಕೊಟ್ಟವರ ವೋಚರಿಗೂ ಕುತ್ತು ತರಬಹುದು. ಬಾಡಿಗೆದಾರರ ಪಾಲು ಸಾಮಾನ್ಯವಾಗಿ, ನಿಯಮದಂತೆ ಕಡಿತಗಳನ್ನು ಕಳೆದು ಉಳಿಯುವ ಮಾಸಿಕ ಆದಾಯದ ಶೇ. 30ರಷ್ಟಿರುತ್ತದೆ; ದುಬಾರಿ ಮನೆಯನ್ನು ಆರಿಸಿಕೊಂಡರೂ ಆ ಮನೆಗೆ ಹೊಸದಾಗಿ ಸೇರುವಾಗ ಅದು ಶೇ. 40ನ್ನು ಮೀರುವಂತಿಲ್ಲ. ಮಾಲೀಕರ ಬೇಡಿಕೆಯನ್ನು ಬರಹದಲ್ಲಿ ಪಡೆದು ಪ್ರಾಧಿಕಾರಕ್ಕೆ ತಿಳಿಸಿ.

ಮನೆ ವಾಸಕ್ಕೆ ಯೋಗ್ಯವಾಗಿದೆಯೇ ಎಂದು ಪ್ರಾಧಿಕಾರದವರು ತಪಾಸಣೆಗೆ ಬರುವ ಮುನ್ನ ನೀವೇ ಒಮ್ಮೆ ಸಿಂಕಿನ ಕೆಳಗೆ ಕೈಯಾಡಿಸಿ ತೇವವಿದೆಯೇ ಎಂದು ನೋಡಿ, ಹೊಗೆ ಅಲಾರಂನ ಗುಂಡಿಯನ್ನೂ ಒತ್ತಿ ಪರೀಕ್ಷಿಸಿ. ಮುಂದೆಂದಾದರೂ ವೋಚರ್ ರದ್ದುಪಡಿಸುವ ಪತ್ರ ಬಂದರೆ, ಅದರಲ್ಲಿ ನಮೂದಿಸಿದ ಗಡುವಿನೊಳಗೆ ವಿಚಾರಣೆ ಕೋರುವ ಹಕ್ಕು ತಾಯಿಯವರಿಗಿದೆ.