ಮಲಗಿದವರನ್ನು ಎಬ್ಬಿಸಿದ್ದು ಯಾಕೆ?

ಹುಬ್ಬಳ್ಳಿಯ ಓದುಗರೊಬ್ಬರು ಬರೆಯುತ್ತಾರೆ: ‘ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿದ್ದೆ. ಬಾರ್ ಹೆಡೆಡ್ ಗೂಸ್ ಹಕ್ಕಿಗಳ ಫೋಟೊಗಾಗಿ ನೀರಿನ ಅಂಚಿಗೆ ಇಳಿದೆ. ಹಿಂಡು ಎದ್ದಿತು, ಒಳ್ಳೇ ಶಾಟ್ ಸಿಕ್ಕಿತು. ಅಷ್ಟಕ್ಕೇ ಊರಿನ ಅಜ್ಜರೊಬ್ಬರು ಎಲ್ಲರೆದುರು ಬೈದರು. ಕೆರೆ ಎಲ್ಲರದೂ ಅಲ್ವಾ? ಹೀಗಾದರೆ ಪ್ರವಾಸೋದ್ಯಮ ಬೆಳೆಯುವುದು ಹೇಗೆ?’

ಉತ್ತರ: ಅಜ್ಜ ಏನಂತ ಬೈದರು ಅನ್ನುವುದನ್ನು ಮಾತ್ರ ನೀವು ಬರೆದಿಲ್ಲ. ನಾನು ಊಹಿಸಬಲ್ಲೆ. ಕೆಲವು ವರ್ಷದ ಹಿಂದೆ ಅದೇ ಕೆರೆಯ ಏರಿಯ ಮೇಲೆ ನನಗೂ ಬಿದ್ದಿತ್ತು: ‘ರಾತ್ರಿ ಪಾಳಿ ಮುಗಿಸಿ ಬಂದು ಮಕ್ಕೊಂಡಾವು. ಯಾಕೋ ತಮ್ಮಾ, ಎಬ್ಬಸ್ತೀ?’ ಆಗ ನನಗೆ ಐವತ್ತು ದಾಟಿತ್ತು. ‘ತಮ್ಮಾ’ ಅಂದದ್ದಕ್ಕೇ ಖುಷಿಯಾಗಿ ಸುಮ್ನೆ ಕೂತೆ.

ಕೂತ ಮೇಲೆ ಕಂಡಿತು ನೋಡಿ. ಒಂದು ಹಕ್ಕಿ ಒಂಟಿ ಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ತುರುಕಿತ್ತು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಗೀರು, ಮಸಿಯಲ್ಲಿ ಬೆರಳದ್ದಿ ಎಳೆದ ಹಾಗೆ. ಪಕ್ಕದಲ್ಲಿ ಇನ್ನೊಂದು ಕತ್ತೆತ್ತಿ ಕಾವಲಿಗೆ ನಿಂತಿತ್ತು. ಅರ್ಧ ಗಂಟೆ ಅದು ನನ್ನ ಮೇಲಿನ ಕಣ್ಣು ತೆಗೆಯಲಿಲ್ಲ.

ಅಜ್ಜನ ಮಾತು ಉಪಮೆಯಲ್ಲ, ನಿಜ. ಈ ಪಟ್ಟೆತಲೆ ಹೆಬ್ಬಾತುಗಳು (ಹೌದು, ಕನ್ನಡದಲ್ಲಿ ಹೆಸರಿದೆ) ಕತ್ತಲಾದ ಮೇಲೆ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಹಗಲು ಕೆರೆಯಲ್ಲಿ ಸುಧಾರಿಸಿಕೊಳ್ಳುತ್ತವೆ. ಚಳಿಗಾಲ ಮುಗಿಯುವುದರೊಳಗೆ ಮೈಯಲ್ಲಿ ಕೊಬ್ಬು ಕೂಡಿಡಬೇಕು. ಟಿಬೆಟ್, ಮಂಗೋಲಿಯಾ ಕಡೆಗೆ ವಾಪಸ್ ಹೋಗುವಾಗ ಹಿಮಾಲಯ ದಾಟಬೇಕಲ್ಲ! ಬೆನ್ನಿಗೆ ಯಂತ್ರ ಕಟ್ಟಿ ನೋಡಿದಾಗ ಕೆಲವು 7,000 ಮೀಟರ್‌ಗೂ ಮೇಲೆ ಹಾರಿದ್ದು ಗೊತ್ತಾಗಿದೆ. ಅದೂ ಹೆಚ್ಚಾಗಿ ರಾತ್ರಿ, ನಸುಕಿನಲ್ಲಿ. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ, ರೆಕ್ಕೆಗೆ ಆಸರೆ ಜಾಸ್ತಿ. ಹಳೆಯ ಕವಿಗಳ ಮಾನಸ ಸರೋವರದ ಹಂಸ ಇದೇ ಅನ್ನುವವರಿದ್ದಾರೆ. ನಾನೂ ಅದೇ ಪಾರ್ಟಿ. ಅಂಥ ಹಕ್ಕಿಯನ್ನು ನೀವು ಒಂದು ಶಾಟ್‌ಗಾಗಿ ಎಬ್ಬಿಸಿದಿರಿ.

ಕ್ಯಾಮೆರಾದವರೆಲ್ಲ ಕೆಟ್ಟವರು ಅಂತಲ್ಲ. ಮೈಸೂರು ಕಡೆಯ ಹದಿನಾರು ಕೆರೆಯಲ್ಲಿ ಮಂಗೋಲಿಯಾದಲ್ಲಿ ಗುರುತಿಗೆ ತೊಡಿಸಿದ ಕೊರಳಪಟ್ಟಿಯ ಹೆಬ್ಬಾತುಗಳು ಕಂಡಿದ್ದವು. ಅಂಥ ಪಟ್ಟಿಯ ಅಕ್ಷರ ಓದಲು ಉದ್ದ ಲೆನ್ಸು ಬೇಕೇ ಬೇಕು. ಆದರೆ ಉದ್ದ ಲೆನ್ಸು ಕೊಳ್ಳುವುದು ದೂರ ನಿಲ್ಲಲಿಕ್ಕೆ ತಾನೆ?

‘ಕೆರೆ ಎಲ್ಲರದೂ’ ಅಂದಿರಿ. ಸರಿ. ಆದರೆ ಈ ಹಕ್ಕಿಗಳ ಊಟದ ಬಿಲ್ಲು ಯಾರದು? ಮೇಯುವುದು ಮಾಗಡಿ ಸುತ್ತಲಿನವರ ಹೊಲದಲ್ಲಿ. ನಿಮ್ಮ ಎರಡು ಪುಟದ ಪತ್ರದಲ್ಲಿ ರೈತನ ಮಾತೇ ಇಲ್ಲ. ಬೆಳೆ ಬಿಟ್ಟುಕೊಟ್ಟು ಹಕ್ಕಿ ಕಾಯುವ ಊರಿಗೆ ಬೈಯುವ ಹಕ್ಕಾದರೂ ಬೇಡವೇ, ಸ್ವಾಮಿ? 54 ಹೆಕ್ಟೇರಿನ ಆ ಕೆರೆ 2024ರಲ್ಲಿ ಅಘನಾಶಿನಿ ಅಳಿವೆ, ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲಿನ ಜೊತೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಗೆ, ಸೇರಿತು. ಅದರಲ್ಲಿ ಇಂಥ ಅಜ್ಜಂದಿರ ಪಾಲೂ ಇದೆ ಅಂತ ನನ್ನ ಲೆಕ್ಕ.

ಇನ್ನು ಪ್ರವಾಸೋದ್ಯಮ. ಆ ಪದ ಕೇಳಿದರೆ ನನಗೆ ಎದೆ ಝಲ್ ಅನ್ನುತ್ತದೆ. ಕೆರೆ ಅಭಿವೃದ್ಧಿ ಅಂದರೆ ಮೊದಲು ಸುತ್ತ ಕಲ್ಲು ಹೊದಿಸುತ್ತಾರೆ. ಮೊಣಕಾಲುದ್ದದ ನೀರು, ಕೆಸರು, ಹುಲ್ಲು, ಹಕ್ಕಿಗೆ ಬೇಕಾದದ್ದೆಲ್ಲ ಹೋಯಿತು. ಆಮೇಲೆ ವಾಕಿಂಗ್ ಪಾತ್, ಬಣ್ಣದ ದೀಪ, ಕೊನೆಗೆ ಬಾತುಕೋಳಿ ಆಕಾರದ ಪೆಡಲ್ ಬೋಟು. ನಮ್ಮೂರಿನ ಕೆರೆಯಲ್ಲಿ ಪ್ಲಾಸ್ಟಿಕ್ ಬಾತು ಬಂದ ವರ್ಷದಿಂದ ನಿಜವಾದ ಬಾತು ಬಂದಿಲ್ಲ. ಉದ್ಘಾಟನೆಗೆ ನನ್ನನ್ನೂ ಕರೆದಿದ್ದರು. ಹೋಗಿದ್ದೆ, ಶಾಲು ಹೊದಿಸಿಕೊಂಡು ಬಂದೆ. ಅದೂ ನಿಜ.

ಇಷ್ಟೆಲ್ಲ ಬೈದರೂ ಪತ್ರ ಬರೆದಿರಲ್ಲ, ಅದು ದೊಡ್ಡದು. ಮುಂದಿನ ಚಳಿಗಾಲ ಮತ್ತೆ ಹೋಗಿ. ಮಟಮಟ ಮಧ್ಯಾಹ್ನ ಬೇಡ, ಸಂಜೆ ಐದರ ಮೇಲೆ. ಏರಿಯ ಮೇಲೇ ಕೂತಿರಿ. ಕತ್ತಲಾಗುತ್ತಿದ್ದಂತೆ ಅವು ತಾವಾಗಿಯೇ ಏಳುತ್ತವೆ, ಆಂಗ್ ಆಂಗ್ ಅನ್ನುತ್ತ ನಿಮ್ಮ ತಲೆ ಮೇಲೇ ಹೊಲದ ಕಡೆ ಹೋದರೂ ಹೋದಾವು. ಫೋಟೊಗೆ ಬೆಳಕು ಸಾಲುವುದಿಲ್ಲ ಬಿಡಿ.