ಪಾರ್ಕಿನ ಯೋಗ ಕ್ಲಾಸಿಗೆ ಮತ್ತೆ ಹೋಗಬಹುದಾ?

ಓದುಗರ ಪತ್ರ

ಮಾನ್ಯ ಸಂಪಾದಕರೇ, ನನಗೆ 68 ವರ್ಷ. ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದು ನಿವೃತ್ತಳಾದವಳು. ಬಿಪಿ, ಶುಗರ್ ಎರಡೂ ಇವೆ. ಮಂಡಿನೋವು ಬೇರೆ. ಮನೆ ಹತ್ತಿರದ ಪಾರ್ಕಿನಲ್ಲಿ ಬೆಳಗ್ಗೆ 6 ಗಂಟೆಗೆ ಯೋಗ ಕ್ಲಾಸ್ ನಡೆಯುತ್ತದೆ. ಕೊನೆಯ ಹತ್ತು ನಿಮಿಷ ಹಾಡು ಹಾಕಿ ಕುಣಿಸುತ್ತಾರೆ. ಸೊಸೆಯ ಒತ್ತಾಯಕ್ಕೆ ಸೇರಿದೆ. ಯೋಗಕ್ಕೆ ಖಾಲಿ ಹೊಟ್ಟೆ ಇರಬೇಕು ಅಂದಿದ್ದರು. ಮಾತ್ರೆ ಮಾತ್ರ ನುಂಗಿ ಹೋದೆ. ಸೂರ್ಯ ನಮಸ್ಕಾರ ಮಾಡುವಾಗ ತಲೆ ಸುತ್ತತೊಡಗಿತು. ಪಕ್ಕದವರೆಲ್ಲ ಮಾಡುತ್ತಿದ್ದಾರಲ್ಲ ಅಂತ ಮುಂದುವರಿಸಿದೆ. ಕಣ್ಣು ಕತ್ತಲೆ ಬಂದು ಕುಸಿದು ಕೂತೆ. ಎಲ್ಲರೂ ಸುತ್ತ ಸೇರಿದರು. ನಾಚಿಕೆಯಾಗಿ ಮತ್ತೆ ಆ ಕಡೆ ಹೋಗಲಿಲ್ಲ. ಪುಣೆಯಲ್ಲಿರುವ ಮಗ, ‘ಬಿದ್ದು ಸೊಂಟ ಮುರ್ಕೊಂಡ್ರೆ ಏನಮ್ಮಾ ಗತಿ, ಸುಮ್ನೆ ಮನೆ ಮುಂದೆ ವಾಕಿಂಗ್ ಮಾಡು’ ಅನ್ನುತ್ತಾನೆ. ಈ ವಯಸ್ಸಿಗೆ ನನಗೆ ಇದೆಲ್ಲ ಬೇಕಾ? ಬೇಕು ಅನ್ನುವುದಾದರೆ ಯಾವ ಮ್ಯಾಟ್ ಕೊಳ್ಳಲಿ? ಇನ್ನೊಂದು ವಿಷಯ ಬರೆಯಲು ಸಂಕೋಚ. ಕುಣಿಯುವಾಗ ಒಂದೆರಡು ಹನಿ ಮೂತ್ರ ಹೋದಂತಾಯಿತು. (ಹೆಸರು ಹಾಕಬೇಡಿ.)

ಸಂಪಾದಕರ ಉತ್ತರ

ಮೇಡಂ, ನಮಸ್ಕಾರ.

ಬೇಕು. ಖಂಡಿತ ಹೋಗಿ. ಆವತ್ತು ಹೋದ ಹಾಗೆ ಮಾತ್ರ ಬೇಡ.

ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಒಂದೇ ಸಾಲು. ‘ಪಕ್ಕದವರೆಲ್ಲ ಮಾಡುತ್ತಿದ್ದಾರಲ್ಲ ಅಂತ ಮುಂದುವರಿಸಿದೆ.’ ಮನೆಯಲ್ಲಿ ಒಬ್ಬರೇ ಇದ್ದಿದ್ದರೆ ತಲೆ ಸುತ್ತಿದ ಕೂಡಲೇ ಕುರ್ಚಿ ಹಿಡಿದು ಕೂತುಬಿಡುತ್ತಿದ್ದಿರಿ. ನಲವತ್ತು ಜನರ ನಡುವೆ ಹಾಗೆ ಕೂರಲು ಮನಸ್ಸು ಬರುವುದಿಲ್ಲ. ಗುಂಪಿನ ವ್ಯಾಯಾಮದಲ್ಲಿ ನಮ್ಮ ವಯಸ್ಸಿನವರಿಗೆ ಪೆಟ್ಟಾಗುವುದು ಹೆಚ್ಚಾಗಿ ಈ ಮುಜುಗರದಿಂದಲೇ ಅನ್ನುವುದು ನನ್ನ ಅಭಿಪ್ರಾಯ. ನಲವತ್ತು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವರು ನೀವು. ಈಗ ಅದೇ ಸಾಲಿನಲ್ಲಿ ನಿಂತು, ‘ನನಗಿದು ಆಗಲ್ಲ’ ಅನ್ನುವುದು ಕಷ್ಟ, ಅಲ್ವಾ? ಆದರೂ ಅದನ್ನೇ ಮೊದಲು ಅಭ್ಯಾಸ ಮಾಡಬೇಕು.

ಆವತ್ತು ಏನಾಯಿತು ಅಂತ ನೋಡೋಣ. ಪತ್ರದ ಹಿಂಬದಿಯಲ್ಲಿ ಮಾತ್ರೆಗಳ ಹೆಸರು ಬರೆದಿದ್ದೀರಿ, ಒಳ್ಳೆಯದಾಯಿತು. ಬಿಪಿಗೆ ಟೆಲ್ಮಿಸಾರ್ಟಾನ್, ಜತೆಗೆ ಕ್ಲೋರ್‌ಥಾಲಿಡೋನ್. ಎರಡನೆಯದು ಮೂತ್ರದ ಮೂಲಕ ಮೈಯ ಉಪ್ಪು, ನೀರು ಇಳಿಸುವ ಮಾತ್ರೆ. ಸೂರ್ಯ ನಮಸ್ಕಾರದಲ್ಲಿ ತಲೆ ಕೆಳಗೆ ಹೋಗುತ್ತದೆ, ಮೇಲೆ ಬರುತ್ತದೆ, ಮತ್ತೆ ಕೆಳಗೆ. ಮೇಲೆದ್ದಾಗಲೆಲ್ಲ ರಕ್ತ ಕಾಲಿನ ಕಡೆ ಇಳಿಯುತ್ತದೆ. ಆಗ ರಕ್ತನಾಳಗಳು ಬಿಗಿಯಾಗಿ ಅದನ್ನು ಮೇಲಕ್ಕೆ ತಳ್ಳಬೇಕು. ವಯಸ್ಸಾದಂತೆ ಈ ಕೆಲಸ ನಿಧಾನ. ಬಿಪಿ ಮಾತ್ರೆ ಇದ್ದರೆ ಇನ್ನೂ ನಿಧಾನ. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವ ಗಂಡಸರಿಗೂ ಹೀಗೇ ಆಗಬಹುದು.

ಇನ್ನು ಶುಗರ್. ನಿಮ್ಮ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಜತೆ ಗ್ಲಿಮೆಪಿರೈಡ್ ಇದೆ. ಮೆಟ್‌ಫಾರ್ಮಿನ್ ಒಂದೇ ಆದರೆ ಶುಗರ್ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ನೀವು ತಿಂದಿದ್ದೀರೋ ಇಲ್ಲವೋ ನೋಡದೆ ಇನ್ಸುಲಿನ್ ಹೊರಡಿಸುತ್ತದೆ. ಆ ಮಾತ್ರೆ ನುಂಗಿ, ಏನೂ ತಿನ್ನದೆ, ಒಂದು ಗಂಟೆ ಮೈ ದಂಡಿಸಿದರೆ ತಲೆ ಸುತ್ತದೆ ಇನ್ನೇನಾಗುತ್ತದೆ? ‘ಯೋಗಕ್ಕೆ ಖಾಲಿ ಹೊಟ್ಟೆ’ ಅನ್ನುವ ಮಾತು ಎಲ್ಲ ಕ್ಲಾಸುಗಳಲ್ಲೂ ಕೇಳುತ್ತದೆ. ಶುಗರ್ ಮಾತ್ರೆ ಇಲ್ಲದವರಿಗೆ ಅದು ಸರಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ. ಹೊರಡುವ ಮುಂಚೆ ಗ್ಲೂಕೋಮೀಟರ್‌ನಲ್ಲಿ 90ಕ್ಕಿಂತ ಕಡಿಮೆ ಬಂದರೆ ಏನಾದರೂ ತಿಂದೇ ಹೊರಡಿ. ಅರ್ಧ ಬಾಳೆಹಣ್ಣು, ಎರಡು ಮಾರಿ ಬಿಸ್ಕತ್ತು, ಅಷ್ಟು ಸಾಕು. ಕೈಚೀಲದಲ್ಲಿ ಗ್ಲೂಕೋಸ್ ಪುಡಿ ಇರಲಿ. ಬೆವರು, ನಡುಕ, ತಲೆ ಖಾಲಿಯಾದಂತೆ ಅನ್ನಿಸಿದರೆ ಮೂರು ಚಮಚ ಪುಡಿಯನ್ನು ನೀರಿಗೆ ಕಲಸಿ ಕುಡಿಯಿರಿ.

ದಯವಿಟ್ಟು ಇದನ್ನು ಓದಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಹೊತ್ತನ್ನೂ ನೀವೇ ಬದಲಿಸಬೇಡಿ. ಡಾಕ್ಟರ್ ಹತ್ತಿರ ಹೋಗಿ ಆವತ್ತಿನ ಕಥೆ ಪೂರ್ತಿ ಹೇಳಿ. ಮಲಗಿಸಿ ಒಂದು ಸಲ, ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಬಿಪಿ ನೋಡಲು ಕೇಳಿ. ಮೇಲಿನ ಅಂಕಿ 20ರಷ್ಟು ಇಳಿದರೆ ಅವರೇ ಮಾತ್ರೆ ಹೊಂದಿಸುತ್ತಾರೆ. ಬೆಳಗ್ಗೆ ವ್ಯಾಯಾಮಕ್ಕೆ ಹೋಗುವ ದಿನ ಶುಗರ್ ಮಾತ್ರೆ ಯಾವಾಗ ಅಂತಲೂ ಕೇಳಿ. ಎದೆನೋವು, ನಡೆದರೆ ಏದುಸಿರು ಹಿಂದೆಂದಾದರೂ ಬಂದಿದ್ದರೆ ಮುಚ್ಚಿಡಬೇಡಿ.

ಈಗ ಮನೆಯಲ್ಲೇ ಮಾಡುವ ಒಂದು ಪರೀಕ್ಷೆ. ಕೈಗಳಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು ಕೂರಿ. ಎರಡೂ ಕೈ ಎದೆ ಮೇಲೆ ಅಡ್ಡಡ್ಡ ಇರಲಿ. ಸೊಸೆ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ 30 ಸೆಕೆಂಡ್ ಹಾಕಲಿ. ಪೂರ್ತಿ ಎದ್ದು ನಿಂತು ಮತ್ತೆ ಕೂತರೆ ಒಂದು ಲೆಕ್ಕ. ಕೈ ಊರಿದರೆ ಸೊನ್ನೆ. 65ರಿಂದ 69ರ ಹೆಂಗಸರಿಗೆ 11ಕ್ಕಿಂತ ಕಡಿಮೆ, ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸಾಲದು ಅಂತ ಅರ್ಥ. ಆಗ ಪಾರ್ಕಿಗೆ ಮುಂಚೆ ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ಬನ್ನಿ. ಪರೀಕ್ಷೆ ಮಾಡಿದ ಇದೇ ಏಳುವುದು, ಕೂರುವುದೇ ಒಳ್ಳೆಯ ವ್ಯಾಯಾಮ. ಮಂಡಿ ಕೊಂಯ್ ಅಂದರೆ ಕುರ್ಚಿ ಮೇಲೆ ದಪ್ಪ ದಿಂಬು ಹಾಕಿ ಎತ್ತರಿಸಿಕೊಳ್ಳಿ.

ಇನ್ನು ಕ್ಲಾಸಿನ ವಿಷಯ. ಒಂದು ದಿನ ಸುಮ್ನೆ ಬೆಂಚಿನ ಮೇಲೆ ಕೂತು ನೋಡಿ. ಗುರುಗಳು ಹೊಸಬರನ್ನು ‘ಏನಾದರೂ ತೊಂದರೆ ಇದೆಯಾ’ ಅಂತ ಕೇಳುತ್ತಾರಾ? ಬಗ್ಗಲಾಗದವರಿಗೆ ಬೇರೆ ದಾರಿ ತೋರಿಸುತ್ತಾರಾ? ಅಥವಾ ಮೈಕಿನಲ್ಲಿ ಎಣಿಸುತ್ತಾ ತಮ್ಮ ಪಾಡಿಗೆ ತಾವು ಮಾಡಿಕೊಂಡು ಹೋಗುತ್ತಾರಾ? ‘ಇನ್ನೂ ಬಗ್ಗಿ, ಇನ್ನೂ ಬಗ್ಗಿ’ ಅಂತ ಬೆನ್ನ ಮೇಲೆ ಕೈಯಿಟ್ಟು ಒತ್ತುವವರಾದರೆ ಆ ಕ್ಲಾಸನ್ನೇ ಬಿಡಿ. ನೋವಾದರೇನೇ ಫಲ ಅನ್ನುವವರನ್ನೂ ಬಿಡಿ.

ಇಲ್ಲೊಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಒಂದರ ಹಿಂದೆ ಒಂದು ಆಸನ ಜೋಡಿಸಿ ಬೇಗ ಬೇಗ ಮಾಡಿಸುವ ಪದ್ಧತಿಗೆ ನಮ್ಮ ಮೈಸೂರೇ ಒಂದು ತವರು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದರು. ಅಲ್ಲಿ ಕಲಿಯುತ್ತಿದ್ದವರು ಬಹುಪಾಲು ಎಳೆಯ ಹುಡುಗರು. ಹುಡುಗರ ಮೈಗೆ ಹೊಂದಿಸಿದ ವೇಗ ಅದು. 68ರ ಮಂಡಿ ಅದನ್ನು ಒಪ್ಪದಿದ್ದರೆ ಮಂಡಿಯ ತಪ್ಪಲ್ಲ. ಅದೇ ಗುರುಗಳ ಶಿಷ್ಯರು, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಚಿಕ್ಕಂದಿನಲ್ಲಿ ಕಾಯಿಲೆಯಿಂದ ನರಳಿದವರು. ಮುಂದೆ ಕುರ್ಚಿ, ಬೆಲ್ಟು, ಮರದ ತುಂಡು, ಗೋಡೆ ಎಲ್ಲವನ್ನೂ ಆಸನಕ್ಕೆ ಆಸರೆಯಾಗಿ ಬಳಸಿ ಪುಣೆಯಲ್ಲಿ ಕಲಿಸಿದರು. ಹಾಗಾಗಿ ಕುರ್ಚಿ ಹಿಡಿದು ಮಾಡಿದರೆ ಅದು ಯೋಗವೇ ಅಲ್ಲ ಅಂತ ಯಾರಾದರೂ ಮೂಗು ಮುರಿದರೆ ನಕ್ಕು ಸುಮ್ಮನಾಗಿ.

ಕ್ಲಾಸು ಒಪ್ಪಿಗೆಯಾದರೆ ಶುರುವಾಗುವ ಮುಂಚೆಯೇ ಗುರುಗಳ ಹತ್ತಿರ ಹೋಗಿ ಹೇಳಿ: ‘ಸರ್, ನನಗೆ ಬಿಪಿ, ಶುಗರ್, ಮಂಡಿನೋವು ಇದೆ. ತಲೆ ಕೆಳಗೆ ಮಾಡುವುದನ್ನು ನಾನು ಬಿಡುತ್ತೇನೆ. ಮಧ್ಯೆ ಕೂತರೆ ಗಾಬರಿಯಾಗಬೇಡಿ.’ ಇಷ್ಟು ಹೇಳಿಬಿಟ್ಟರೆ ಮುಜುಗರದ ಮುಕ್ಕಾಲು ಪಾಲು ಅಲ್ಲೇ ಕರಗುತ್ತದೆ. ಸಾಲಿನ ತುದಿಯಲ್ಲಿ, ಕೈಗೆ ಬೆಂಚೋ ಕಂಬವೋ ಸಿಗುವ ಕಡೆ ನಿಲ್ಲಿ. ಮಧ್ಯದಲ್ಲಿ ನಿಂತರೆ ಹಿಡಿದುಕೊಳ್ಳಲು ಪಕ್ಕದವರ ಭುಜ ಬಿಟ್ಟು ಬೇರೇನಿರುತ್ತದೆ? ನಿಮ್ಮೂರ ಮಳೆಗಾಲ ಗೊತ್ತಲ್ಲ. ಜೂನ್ ಕಳೆದರೆ ಪಾರ್ಕಿನ ಕಲ್ಲುಹಾಸಿನ ಮೇಲೆ ಪಾಚಿ ಕಟ್ಟುತ್ತದೆ. ಒದ್ದೆ ಹುಲ್ಲೂ ಜಾರುತ್ತದೆ. ಆ ತಿಂಗಳುಗಳಲ್ಲಿ ಮಾಡು ಇರುವ ಜಾಗದಲ್ಲಿ ನಡೆಯುವ ಕ್ಲಾಸು ಸಿಕ್ಕರೆ ಅಲ್ಲಿಗೆ ಹೋಗಿ.

ಸೀರೆ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಕಾಲು ಹಿಂದಕ್ಕೆ ಇಟ್ಟಾಗ ನೆರಿಗೆ ತುಳಿದು ಮುಗ್ಗರಿಸುವುದು ಹೊಸದೇನಲ್ಲ. ಚೂಡಿದಾರ ಹಾಕಿ, ವೇಲನ್ನು ಬೆಂಚಿನ ಮೇಲಿಡಿ. ಬರೀ ಸಾಕ್ಸ್‌ನಲ್ಲಿ ಟೈಲ್ಸ್ ಮೇಲೆ ನಿಲ್ಲಬೇಡಿ. ಶುಗರ್ ಇರುವವರಿಗೆ ಪಾದದ ಸ್ಪರ್ಶ ಮಂಕಾಗಿರಬಹುದು. ಬರಿಗಾಲಲ್ಲಿ ಮಾಡಿದ ದಿನ ಮನೆಗೆ ಬಂದು ಅಂಗಾಲು ತಿರುಗಿಸಿ ನೋಡಿ, ಕಲ್ಲು ಚುಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗಿರುವುದಿಲ್ಲ.

ಏನೇನು ಬಿಡಬೇಕು? ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಬೇಡವೇ ಬೇಡ. ಗ್ಲಾಕೋಮಾ ಇದ್ದವರಿಗೆ ತಲೆ ಕೆಳಗಾಗುವ ಭಂಗಿಗಳಲ್ಲಿ ಕಣ್ಣಿನ ಒತ್ತಡ ಏರುತ್ತದೆ. ಕಣ್ಣಿನ ಪೊರೆ ಆಪರೇಶನ್ ಆಗಿದ್ದರೆ ಡಾಕ್ಟರ್ ಹೇಳುವ ತನಕ ಬಗ್ಗುವುದೂ ಬೇಡ. ಮೂಳೆ ಸವೆತ ಇದೆ ಅಂತ ಗೊತ್ತಾದವರು ಪಶ್ಚಿಮೋತ್ತಾನಾಸನ, ಪಾದಹಸ್ತಾಸನದಂತೆ ಬೆನ್ನು ಗೂನು ಮಾಡಿ ಮುಂದಕ್ಕೆ ಬಗ್ಗುವುದನ್ನು ಬಿಡಬೇಕು. ಬೆನ್ನುಮೂಳೆ ಕುಸಿಯಬಹುದು. ಬಿಪಿ ಹತೋಟಿಗೆ ಬರುವ ತನಕ ಕಪಾಲಭಾತಿ, ಭಸ್ತ್ರಿಕಾ ಬೇಡ. ಉಸಿರು ಕಟ್ಟಿ ಬಲ ಹಾಕುವುದಂತೂ ಯಾವತ್ತೂ ಬೇಡ, ಬಿಪಿ ದಿಢೀರ್ ಏರುತ್ತದೆ. ಸೂರ್ಯ ನಮಸ್ಕಾರದ ಹೊತ್ತಿಗೆ ನೀವು ಕುರ್ಚಿ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಿರಿ. ಯಾರ ಅಪ್ಪಣೆಯೂ ಬೇಕಿಲ್ಲ.

ವೇಗ ಎಷ್ಟಿರಬೇಕು ಅಂದರೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಾಚಿನಲ್ಲಿ ಹೃದಯದ ಬಡಿತ ನೋಡಿ ಲೆಕ್ಕ ಹಾಕುವವರಿದ್ದಾರೆ. ಬಿಪಿಗೋ ಹೃದಯಕ್ಕೋ ಮೆಟೊಪ್ರೊಲಾಲ್, ಅಟೆನೊಲಾಲ್ ತೆಗೆದುಕೊಳ್ಳುವವರ ಬಡಿತವನ್ನು ಮಾತ್ರೆಯೇ ತಗ್ಗಿಸಿರುತ್ತದೆ, ಅವರು ಆ ಲೆಕ್ಕ ನಂಬಬಾರದು. ಮಂಡಿಗೆ ಬೇರೆ ಲೆಕ್ಕ. ಕ್ಲಾಸು ಮುಗಿದು ಎರಡು ಗಂಟೆಯಾದರೂ ನೋವು ಮೊದಲಿಗಿಂತ ಜಾಸ್ತಿ ಇದ್ದರೆ ಮಾಡಿದ್ದು ಹೆಚ್ಚಾಯಿತು ಅಂತ. ಮುಂದಿನ ಸಲ ಕಡಿಮೆ ಮಾಡಿ. ಪೂರ್ತಿ ಬಿಡಬೇಡಿ.

ಎದೆ ಹಿಂಡಿದಂತಾದರೆ, ದವಡೆಗೋ ತೋಳಿಗೋ ನೋವು ಹರಿದರೆ, ತಣ್ಣನೆ ಬೆವರಿದರೆ ಅಲ್ಲೇ ನಿಲ್ಲಿಸಿ. ಹೆಂಗಸರಿಗೆ ಎದೆನೋವಿಲ್ಲದೆ ಬರೀ ವಾಕರಿಕೆ, ವಿಪರೀತ ಸುಸ್ತು, ಏದುಸಿರು ಬಂದರೂ ಅದು ಹೃದಯದ್ದಿರಬಹುದು. ‘ಗ್ಯಾಸ್ ಇರಬೇಕು’ ಅಂತ ಸೋಡಾ ತರಿಸುವುದರಲ್ಲಿ ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಿಸಿ. ನಿಮ್ಮ ಮಾತ್ರೆಗಳ ಹೆಸರು, ಸೊಸೆಯ ನಂಬರ್ ಬರೆದ ಚೀಟಿ ಜೇಬಿನಲ್ಲೋ ಮೊಬೈಲ್ ಕವರ್‌ನಲ್ಲೋ ಇರಲಿ.

ಸಂಕೋಚದಿಂದ ಬರೆದ ವಿಷಯಕ್ಕೆ ಬರುತ್ತೇನೆ. ಕುಣಿದಾಗ, ಕೆಮ್ಮಿದಾಗ ಮೂತ್ರ ಹನಿಯುವುದು ಹೆತ್ತ ಹೆಂಗಸರಲ್ಲಿ, ಮುಟ್ಟು ನಿಂತವರಲ್ಲಿ ತುಂಬಾ ಸಾಮಾನ್ಯ. ಎಷ್ಟೋ ಜನ ಮೊಮ್ಮಕ್ಕಳ ನೆಪ ಹೇಳಿ ಕ್ಲಾಸು ಬಿಡುವುದು ಇದೇ ಕಾರಣಕ್ಕೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಕೆಳಹೊಟ್ಟೆಯ ತಳದಲ್ಲಿರುವ ಸ್ನಾಯು ಸಡಿಲವಾಗಿರುತ್ತದೆ. ಮೂತ್ರ ತಡೆಯುವಾಗ ಯಾವುದನ್ನು ಬಿಗಿ ಹಿಡಿಯುತ್ತೀರೋ ಅದೇ ಸ್ನಾಯು. ಅದನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಅಥವಾ ಸ್ತ್ರೀರೋಗ ತಜ್ಞರು ಕಲಿಸುತ್ತಾರೆ. ಫಲ ಕಾಣಲು ಕೆಲವು ತಿಂಗಳು ಬೇಕು, ಆದರೆ ಕಾಣುತ್ತದೆ. ಅಲ್ಲಿಯತನಕ ಹಾಡು ಹಾಕಿದಾಗ ನೆಗೆಯಬೇಡಿ, ನಿಂತಲ್ಲೇ ಹೆಜ್ಜೆ ಹಾಕಿ. ಪ್ಯಾಡ್ ಹಾಕಿಕೊಳ್ಳಿ. ನೀರು ಕುಡಿಯುವುದನ್ನು ಮಾತ್ರ ಕಡಿಮೆ ಮಾಡಬೇಡಿ. ನೀರಿಳಿಸುವ ಮಾತ್ರೆ ನುಂಗುವವರು ಬಾಯಾರಿಕೊಂಡು ನಿಂತರೆ ಮತ್ತೆ ತಲೆಸುತ್ತು ಬರುತ್ತದೆ.

ನಿಮ್ಮ ಮಗನಿಗೂ ಒಂದು ಮಾತು. ಅಮ್ಮ ಬೀಳುತ್ತಾರೆ ಅನ್ನುವ ಭಯ ಸರಿಯಾದದ್ದೇ. ಆದರೆ ಮನೆಯಲ್ಲಿ ಕೂತವರೂ ಬೀಳುತ್ತಾರೆ, ಬಚ್ಚಲಲ್ಲಿ, ಹೊಸ್ತಿಲಲ್ಲಿ. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಕೊಕ್ರೇನ್ ಸಂಸ್ಥೆಯ 2019ರ ವರದಿ ಪ್ರಕಾರ, ವ್ಯಾಯಾಮ ಮಾಡುವ ಹಿರಿಯರು ಬೀಳುವುದು ಸುಮಾರು 23 ಶೇಕಡಾ ಕಡಿಮೆ. ಮುಖ್ಯವಾಗಿ ಸಮತೋಲನದ ವ್ಯಾಯಾಮದಿಂದ. ಬರೀ ವಾಕಿಂಗ್‌ನಿಂದ ಆ ಲಾಭ ಸಿಗುತ್ತದೆ ಅಂತ ಹೇಳಲು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ಹೇಳಿದ್ದೂ ಇದೇ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆಯಂಥದ್ದು ಇರಲಿ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವಂಥದ್ದು, ಮೂರು ದಿನ ಸಮತೋಲನ ಕಲಿಸುವಂಥದ್ದು. ಈ ಅಂಕಿ ಕಂಡು ಹೆದರಬೇಡಿ. ಮೊದಮೊದಲು ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ ಮಾಡಿ ಎದ್ದು ಬನ್ನಿ. ಕ್ಲಾಸು ಮುಗಿಯುವ ತನಕ ಇರಲೇಬೇಕು ಅಂತ ಹಾಜರಿ ತೆಗೆದುಕೊಳ್ಳುವವರು ಯಾರೂ ಇಲ್ಲ.

ಕೊನೆಗೆ ಮ್ಯಾಟ್. ಅಂಗಡಿಯವರು ‘ಮಂಡಿಗೆ ಒಳ್ಳೇದು ಅಮ್ಮಾ’ ಅಂತ ಮೆತ್ತನೆಯ ದಪ್ಪದ್ದು ತೋರಿಸುತ್ತಾರೆ. ಅದರ ಮೇಲೆ ಒಂಟಿಕಾಲಲ್ಲಿ ನಿಂತರೆ ಪಾದ ಓಲಾಡುತ್ತದೆ. 6 ಮಿಲಿಮೀಟರಿನದು ಸಾಕು, ಕೆಳಭಾಗ ಜಾರದಂತಿರಲಿ. ಮಂಡಿ ಊರುವಾಗ ಟವೆಲ್ ಮಡಚಿ ಹಾಕಿಕೊಳ್ಳಿ. ನಿಂತು ಮಾಡುವಾಗ ಮ್ಯಾಟ್ ಸುತ್ತಿ ಪಕ್ಕಕ್ಕಿಡಿ, ಅದರ ಅಂಚಿಗೇ ಕಾಲು ಎಡವುವುದುಂಟು. ಮನೆಯಲ್ಲಿರುವ ಜಮಖಾನೆ ಹುಲ್ಲಿನ ಮೇಲೆ ನಡೆದೀತು, ಟೈಲ್ಸ್ ಮೇಲೆ ಬೇಡ.