ಹೋಗಿ ಬರುವವರ ಊರಲ್ಲಿ ಹೋಗಿ ನಿಂತವನು

ಕಲಬುರಗಿಯ ಓದುಗರೊಬ್ಬರು, ನಿವೃತ್ತ ಶಾಲಾ ಶಿಕ್ಷಕಿ, ಕೈಬರಹದಲ್ಲಿ ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

"ನಮ್ಮದು ಲಿಂಗಾಯತ ಮನೆತನ. ಆದ್ರ ಬಂದೇನವಾಜರ ಉರುಸು ಎಂದೂ ತಪ್ಪಿಸಿದವರಲ್ಲ. ಸಣ್ಣ ಮಗನಿಗೆ ಎಳವೆಯಲ್ಲಿ ಬ್ಯಾನಿ ಬಿದ್ದಾಗ ಹರಕೆ ಹೊತ್ತು ಮೊಹರಮ್ಮಿಗೆ ಫಕೀರ ಮಾಡಿಸಿದೆ, ಕೊರಳಿಗೆ ಲಾಡಿ ಹಾಕಿಸಿದೆ. ಈಗ ಅವ ಹೈದರಾಬಾದಿನಾಗ ನೌಕರಿ ಮಾಡ್ತಾನ. ಅವರಪ್ಪ ತೀರಿದ ಮ್ಯಾಲ ಮಾತು ಕಡಿಮಿ ಮಾಡಿದ, ಓದಿದ, ಒಂದಿನ ಬಂದು ಇಸ್ಲಾಂ ಒಪ್ಪಿಕೊಂಡೀನಿ ಅಂದ. ಹುಡುಗಿ ಕಾರಣ ಅಲ್ಲ, ರೊಕ್ಕ ಕಾರಣ ಅಲ್ಲ. ಶರಣಬಸಪ್ಪನ ಗುಡಿ ಬಿಟ್ಟ, ಹೋಗಲಿ. ದರ್ಗಾಕ್ಕೂ ಬರಲ್ಲ ಅಂತಾನ! ಇಷ್ಟು ವರ್ಷ ಎರಡೂ ಕಡಿ ಕೈ ಮುಗಿದದ್ದು ಅವನಿಗೆ ಸಾಲಲಿಲ್ಲೇನು? ಹಿರಿಯವ ಠಾಣಾಕ್ಕ ಹೋಗೂಣು ಅಂತಾನ, ಹೊಲದಾಗ ಪಾಲಿಲ್ಲ ಅಂತಾನ. ನನ್ನ ಚಿಂತಿ ಬ್ಯಾರೆ. ನಾ ಸತ್ತರ ಅವ ಮಣ್ಣಿಗೆ ಬರ್ತಾನೋ ಇಲ್ಲೋ? ರಂಜಾನಕ್ಕ ಬಾ ಅಂತ ಕರದಾನ. ನಿನಗಂತ ಹೊಸ ಕುಕ್ಕರು, ಹೊಸ ತಾಟು ತಂದಿಟ್ಟೀನಿ ಅಂತಾನ. ಹೋಗಲೋ ಬ್ಯಾಡೋ ತಿಳೀವಲ್ದು."

ತಾಯೀ,

ನಿಮ್ಮ "ಸಾಲಲಿಲ್ಲೇನು?" ಎಂಬ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ನೀವೊಬ್ಬರೇ ಕೇಳುವ ಪ್ರಶ್ನೆಯೂ ಅಲ್ಲ. ಈ ಸೀಮೆಯಲ್ಲಿ ಪತ್ರಿಕೆ ನಡೆಸುವ ನಮ್ಮಂಥವರು ವಿಶೇಷಾಂಕ ಬಂತೆಂದರೆ ಭಾವೈಕ್ಯದ ಕಟ್ಟು ಬಿಚ್ಚುತ್ತೇವೆ. ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ ಮೋನಪ್ಪಯ್ಯ ಮೌನುದ್ದೀನನೂ ಹೌದು. ಬೀದರಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಉರುಸಿಗೆ ಆಳಂದ ತಾಲ್ಲೂಕಿನ ಮಾದ್ಯಾಳದಿಂದ ಜಂಗಮರು ಬರುತ್ತಾರೆ. ಆ ಸುಲ್ತಾನನನ್ನು ನಮ್ಮವರು ಅಲ್ಲಮಪ್ರಭುವೆಂದೇ ನಂಬಿದ್ದಾರೆ. ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಹೇಬರಿದ್ದರು. ಮಾಣಿಕನಗರದ ಮಾಣಿಕಪ್ರಭುಗಳ ಸಂಪ್ರದಾಯದ ಹೆಸರೇ ಸಕಲಮತ. ಎಲ್ಲ ಖರೆ. ಇದರಲ್ಲಿ ಒಂದಕ್ಷರ ಅಳಿಸಲು ನಾನು ತಯಾರಿಲ್ಲ.

ಆದರೆ ಇವೆಲ್ಲ ಹೋಗಿ ಬರುವವರ ಕತೆಗಳು. ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಸಂಜೆಗೆ ಮನೆಗೆ ಬಂದು ಲಿಂಗಪೂಜೆಗೆ ಕೂಡುವ ನಿಮಗೆ ಯಾರೂ ಲೆಕ್ಕ ಕೇಳಲಿಲ್ಲ. ಸೊಸೆಯಾಗಿ ನಿಮ್ಮ ಸ್ಥಾನ, ಪಂಕ್ತಿಯಲ್ಲಿ ನಿಮ್ಮ ಎಲೆ, ಮಗಳ ಮದುವೆಗೆ ಬೀಗರು, ಯಾವುದೂ ಅಲುಗಲಿಲ್ಲ. ನಿಮ್ಮ ಮಗ ಹೋಗಿ ಅಲ್ಲೇ ನಿಂತ. ಹೋಗಿ ಬರುವವರಿಗೆ ಇಷ್ಟು ಹಾಸಿ ಕೊಡುವ ನಮ್ಮ ನಾಡು, ಹೋಗಿ ನಿಂತವನಿಗೆ ಕೂಡಲು ಒಂದು ಮಣೆಯನ್ನೂ ಇಟ್ಟಿಲ್ಲ. ಅವನ ಮುಂದೆ ನಾವು ಹಾಡುವ ಭಾವೈಕ್ಯದ ಪದ ಅವನಿಗೆ "ನೀ ಯಾಕ ನಿಂತಿ?" ಎಂಬ ಬೈಗುಳವಾಗಿ ಕೇಳಿಸಿದ್ದರೆ ಅಚ್ಚರಿಯಿಲ್ಲ.

ಅವನು ದರ್ಗಾಕ್ಕೂ ಬರುವುದಿಲ್ಲ ಎಂದದ್ದು ನಿಮಗೆ ಹೆಚ್ಚು ನಾಟಿದೆ. ಇಬ್ಬರಿಗೂ ಸೇರುವ ಒಂದು ಜಾಗವಾದರೂ ಉಳಿದಿದೆ ಎಂದುಕೊಂಡಿದ್ದಿರಿ, ಅದೂ ಕೈ ಬಿಟ್ಟಿತು. ಇದು ನಿಮ್ಮ ಮೇಲಿನ ಸಿಟ್ಟಿಗೆ ಮಾಡಿದ್ದಲ್ಲ. ಗೋರಿಯ ಮುಂದೆ ಬೇಡಿಕೊಳ್ಳಬಹುದೋ ಬಾರದೋ ಎಂಬ ಜಗಳ ಮುಸಲ್ಮಾನರೊಳಗೇ ಬಹುಕಾಲದಿಂದ ಇದೆ. ಒಬ್ಬನೇ ದೇವರು, ಅವನ ಪಕ್ಕ ಇನ್ಯಾರೂ ಇಲ್ಲ ಎಂಬ ಮಾತಿಗೆ ಮನಸೋತು ಹೋದವನಿಗೆ "ಎರಡೂ ಇರಲಿ" ಎನ್ನುವುದು ರಾಜಿಯಾಗಿ ಕಾಣುವುದಿಲ್ಲ. ಅವನಿಗೆ ಬೇಕಾದದ್ದೇ ಒಂದು. ಇನ್ನೊಂದು ಮಾತನ್ನೂ ಹೇಳಬೇಕು: ಹುಟ್ಟು ಮುಸಲ್ಮಾನ ನಮಾಜು ತಪ್ಪಿಸಿದರೆ ಸೋಮಾರಿ ಎನ್ನಿಸಿಕೊಳ್ಳುತ್ತಾನೆ, ಹೊಸದಾಗಿ ಬಂದವನು ತಪ್ಪಿಸಿದರೆ ಅನುಮಾನಕ್ಕೆ ಗುರಿಯಾಗುತ್ತಾನೆ. ಕಲಬುರಗಿಯ ಎಷ್ಟೋ ಮುಸ್ಲಿಂ ಮನೆಗಳಲ್ಲಿಲ್ಲದ ಬಿಗಿ ನಿಮ್ಮ ಮಗನಲ್ಲಿದ್ದರೆ ಅದರ ಅರ್ಧ ಅವನ ನಂಬಿಕೆ, ಉಳಿದರ್ಧ ಅವನು ದಿನಾ ಬರೆಯುತ್ತಿರುವ ಪರೀಕ್ಷೆ. ವರ್ಷಗಳು ಕಳೆದಂತೆ ಆ ಉಳಿದರ್ಧ ಸಡಿಲಾಗಬಹುದು, ಆಗದೆಯೂ ಇರಬಹುದು.

ಹಿರಿಯ ಮಗ "ಯಾರೋ ತಲಿ ತುಂಬ್ಯಾರ" ಎನ್ನುತ್ತಾನಂತೆ. ನಿಮ್ಮ ಪತ್ರದ ಎರಡನೇ ಹಾಳೆಯಲ್ಲಿ ನೀವೇ ಬೇರೆ ಕಾರಣ ಬರೆದಿದ್ದೀರಿ. ಅಪ್ಪ ತೀರಿದ ಮೇಲೆ ರಾತ್ರಿ ನಿದ್ದೆ ಇರುತ್ತಿರಲಿಲ್ಲ, ಈಗ ನಸುಕಿಗೆ ಎದ್ದು ನಮಾಜು ಮಾಡಿ ಕೆಲಸಕ್ಕೆ ಹೋಗುತ್ತಾನೆ, ಮೈ ತುಂಬಿಕೊಂಡಿದ್ದಾನೆ ಎಂದು. "ಸಾಲಿನ್ಯಾಗ ನಿಂತಾಗ ಬಾಜೂದವನ ಜಾತಿ ಯಾರೂ ಕೇಳಲ್ಲವ್ವ" ಎಂದನಂತೆ. ಮಗ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಇನ್ನೊಬ್ಬರು ತಲೆ ತುಂಬಿದರು ಎನ್ನುವುದು ಅವನಿಗೆ ಬುದ್ಧಿಯೇ ಇಲ್ಲ ಎಂದ ಹಾಗೆ. ಜಾತಿಯ ಮಾತಿನಲ್ಲಿ ಮಾತ್ರ ಅವನಿಗೆ ಮುಂದೆ ಒಂದು ಪೆಟ್ಟು ಕಾದಿದೆ. ನಮಾಜಿನ ಸಾಲಿನಲ್ಲಿ ಕೇಳದ್ದನ್ನು ಹೆಣ್ಣು ಕೊಡುವಾಗ ನಮ್ಮ ಸೀಮೆಯ ಮುಸಲ್ಮಾನರೂ ಕೇಳುತ್ತಾರೆ, ಯಾವ ಬಿರಾದರಿ, ಯಾರ ಮನೆತನ ಎಂದು. ಆ ದಿನ ಅವನು ನಿಮಗೆ ಫೋನ್ ಮಾಡಿದರೆ, ದಯವಿಟ್ಟು, "ನಾ ಮೊದಲೇ ಹೇಳಿದ್ನಿಲ್ಲೇನು" ಅನ್ನಬೇಡಿ.

ಎದುರು ದಿಕ್ಕಿನಿಂದ ಬಂದವರೊಬ್ಬರ ಕತೆಯನ್ನೂ ಕೇಳಿ. ಬೀದರ್ ಕಡೆಯ ಹಳೆಯ ಓದುಗರು. ಹುಟ್ಟಿದ್ದು ಮುಸ್ಲಿಂ ಮನೆಯಲ್ಲಿ. ಮದುವೆಗೆ ಮುಂಚೆ ಆರ್ಯ ಸಮಾಜದಲ್ಲಿ ಹೋಮ ಮಾಡಿ ಶುದ್ಧಿಯ ಕಾಗದ ಪಡೆದರು. ಗಂಡನಿಗಾಗಿ ಶುರುವಾದದ್ದು ಆಮೇಲೆ ತನ್ನದೇ ಆಯಿತು ಎನ್ನುತ್ತಾರೆ. ಬೆಳಗಿನ ಪೂಜೆ ಈಗ ಅವರಿಗೆ ಯಾರ ಒತ್ತಾಯವೂ ಅಲ್ಲ. ಆದರೆ ಬಾಂಗ್ ಕೇಳಿದರೆ ಕೈ ತಾನಾಗಿ ಸೆರಗನ್ನು ತಲೆಗೆ ಎಳೆಯುತ್ತದೆ, ಹುಟ್ಟಿನಿಂದ ಬಂದ ರೂಢಿ. ಅತ್ತೆಯ ಕಣ್ಣು ಅದನ್ನೇ ಕಾಯುತ್ತಿರುತ್ತದೆ. ಅದೇ ಮನೆಯ ಉಳಿದ ಸೊಸೆಯರು ಹಿರಿಯರು ಬಂದಾಗ, ಗುಡಿಗೆ ಹೋದಾಗ ಸೆರಗು ಹೊದೆಯುತ್ತಾರೆ. ಅವರ ಸೆರಗನ್ನು ಯಾರೂ ನೋಡುವುದಿಲ್ಲ. ಮದುವೆಯ ಹೊಸತರಲ್ಲಿ ಫೋಟೊ ತೆಗೆಸಿ, ಶಾಲು ಹೊದಿಸಿ ಕುಣಿದಾಡಿದ ಜನ ಆಮೇಲೆ ತಿರುಗಿ ನೋಡಲಿಲ್ಲ. ಓಣಿಯ ಒಂದು ಉಡಿ ತುಂಬುವ ಕಾರ್ಯದಲ್ಲಿ ತಟ್ಟೆ ಹಿಡಿದು ಬರುತ್ತಿದ್ದ ಮುತ್ತೈದೆ ಇವರ ಪಕ್ಕದವರೆಗೆ ಬಂದು, ಇವರನ್ನು ದಾಟಿ, ಆಚೆಯವರ ಉಡಿ ತುಂಬಿದರಂತೆ. "ಹಿಂದೂ ಆದೆ ಅಂತ ಕಾಗದ ಕೊಟ್ರು. ಯಾವ ಜಾತಿ ಆದೆ ಅಂತ ಅದರಾಗ ಬರೀಲಿಲ್ಲ" ಎಂದು ಅವರು ನಕ್ಕೇ ಹೇಳಿದರು. ತವರಿನಲ್ಲಿ ತಾಯಿ ತೀರಿದಾಗ ಬಾಗಿಲ ಬಳಿ ನಿಂತು ಮುಖ ನೋಡಲು ಬಿಟ್ಟರು, ಒಳಗೆ ಕರೆಯಲಿಲ್ಲ. ಈಗಲೂ ರಂಜಾನ್ ತಿಂಗಳಲ್ಲಿ ನಸುಕಿಗೆ ಎಚ್ಚರಾಗುತ್ತದಂತೆ. ಎದ್ದು ನೀರು ಕುಡಿದು ಮತ್ತೆ ಮಲಗುತ್ತಾರೆ. ಅದು ಪಶ್ಚಾತ್ತಾಪವೇ ಎಂದು ಕೇಳಿದೆ. ಅಲ್ಲ, ನೆನಪು ಎಂದರು. ನಿಮ್ಮ ಮಗನಿಗೂ ಎಳ್ಳಮಾಸಿ ದಿನ ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ ಭಜ್ಜಿ, ಸಜ್ಜೆ ರೊಟ್ಟಿ ನೆನಪಾಗುತ್ತಿರುತ್ತದೆ. ಅದನ್ನು ಹಿಡಿದುಕೊಂಡು "ಇನ್ನೂ ನಮ್ಮವನೇ, ವಾಪಸ್ ಬರ್ತಾನ" ಎಂದು ಲೆಕ್ಕ ಹಾಕಬೇಡಿ.

(ಮದುವೆಗಾಗಿ ಮಾತ್ರ ಧರ್ಮ ಬದಲಿಸಲು ಹೊರಟವರಿಗೆ ಇಲ್ಲೇ ಒಂದು ಮಾತು. 1954ರ ವಿಶೇಷ ವಿವಾಹ ಕಾಯ್ದೆಯಡಿ ಇಬ್ಬರೂ ತಮ್ಮ ತಮ್ಮ ಧರ್ಮದಲ್ಲೇ ಇದ್ದು ಮದುವೆಯಾಗಬಹುದು. 30 ದಿನಗಳ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಹೆದರಿಕೆಗೆ ಜೋಡಿಗಳು ಮಸೀದಿಗೋ ಆರ್ಯ ಸಮಾಜ ಮಂದಿರಕ್ಕೋ ಓಡುತ್ತವೆ. ಒಂದು ತಿಂಗಳ ಹೆದರಿಕೆಗೆ ಜೀವಮಾನದ ಬದಲಾವಣೆ ದುಬಾರಿ ಅಲ್ಲವೇ?)

ನಿಮ್ಮ ಹಿರಿಯರಲ್ಲಿ ಯಾರೋ "ನಿಜಾಮನ ಕಾಲ ಮತ್ತ ಬಂತು" ಎಂದರೆಂದು ಬರೆದಿದ್ದೀರಿ. ಅವರನ್ನು ಬೈಯಲಾರೆ. ಹೈದರಾಬಾದ್ ಸಂಸ್ಥಾನದಲ್ಲಿ ಒಂದು ಕಡೆ ಇಸ್ಲಾಮಿಗೆ ಕರೆಯುವ ತಬ್ಲೀಗ್, ಇನ್ನೊಂದು ಕಡೆ ಹಿಂದೂ ಧರ್ಮಕ್ಕೆ ಸೇರಿಸಿಕೊಳ್ಳುವ ಶುದ್ಧಿ ಎಂದು ಪೈಪೋಟಿ ನಡೆದ ಕಾಲವೊಂದಿತ್ತು. ರಜಾಕಾರರ ಹಾವಳಿಯನ್ನು ನಮ್ಮ ಅಜ್ಜಿಯರು ಕಂಡಿದ್ದರು. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಅದೇ ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ಮುಸಲ್ಮಾನರ ಮೇಲೆ ನಡೆದದ್ದನ್ನು ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಬರೆದಿಟ್ಟಿತು. ಬಲವಂತದ ಮತಾಂತರಗಳ ಮಾತೂ ಆ ವರದಿಯಲ್ಲಿದೆ. ಜೀವ ಉಳಿಸಿಕೊಳ್ಳಲು ದೇವರನ್ನು ಬದಲಿಸಿದವರ ನೆನಪು ಎರಡೂ ಕಡೆಯ ಮನೆಗಳಲ್ಲಿದೆ, ಎರಡೂ ಕಡೆ ಅದನ್ನು ಪಿಸುಮಾತಿನಲ್ಲೇ ಹೇಳುತ್ತಾರೆ. ಅದಕ್ಕೇ ಇಲ್ಲಿ ಯಾರಾದರೂ ಮನಸಾರೆ ಧರ್ಮ ಬದಲಿಸಿದರೂ ಜನ ತಲೆ ಎಣಿಸಲು ಕೂಡುತ್ತಾರೆ, ನಮಗೊಂದು ಕಡಿಮೆ, ಅವರಿಗೊಂದು ಹೆಚ್ಚು ಎಂದು. ನಿಮ್ಮ ಮಗನ ಸಂಕಟವನ್ನೋ ಸಮಾಧಾನವನ್ನೋ ಆ ಎಣಿಕೆಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಠಾಣೆ, ಹೊಲದ ಮಾತು ಬೇಗ ಮುಗಿಸುತ್ತೇನೆ. 2022ರಲ್ಲಿ ಬಂದ ರಾಜ್ಯದ ಮತಾಂತರ ಕಾಯ್ದೆ ಬಲವಂತ, ಮೋಸ, ಆಮಿಷಗಳ ವಿರುದ್ಧ ಎಂದು ಬಂದದ್ದು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆಯ ಗತಿ ಏನೇ ಇರಲಿ, ಯಾರೂ ಒತ್ತಾಯಿಸಿಲ್ಲ ಎಂದು ತಾಯಿಯೇ ಬರೆದ ಮೇಲೆ ಅಣ್ಣ ಠಾಣೆಯಲ್ಲಿ ಏನೆಂದು ದೂರು ಕೊಡುತ್ತಾನೆ? ಹೊಲಕ್ಕೆ ಬಂದರೆ, ಲಿಂಗಾಯತರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಧರ್ಮ ಬದಲಿಸಿದ ಮಗನ ಪಾಲನ್ನು ಕಿತ್ತುಕೊಳ್ಳುವುದಿಲ್ಲ. ಅದರ 26ನೇ ಕಲಮು ಅಡ್ಡ ಬರುವುದು ಮತಾಂತರದ ನಂತರ ಹುಟ್ಟಿದ ಮಕ್ಕಳಿಗೆ. ಅಪ್ಪನ ತೊಗರಿ ಹೊಲದಲ್ಲಿ ತಮ್ಮನಿಗೆ ಪಾಲಿದೆ ಎಂದು ಹಿರಿಯವನಿಗೆ ಯಾರಾದರೂ ವಕೀಲರಿಂದಲೇ ಹೇಳಿಸಿ. ಧರ್ಮದ ಸಿಟ್ಟಿನಲ್ಲಿ ಹೊಲದ ಆಸೆ ಎಷ್ಟು ಬೆರೆತಿದೆ ಎಂಬುದು ಆಗ ಗೊತ್ತಾಗುತ್ತದೆ.

ಇನ್ನು ಮಣ್ಣಿನ ಮಾತು. ಲಿಂಗಾಯತರೂ ಮಣ್ಣು ಮಾಡುವವರು, ಮುಸಲ್ಮಾನರೂ ಮಣ್ಣು ಮಾಡುವವರು. ಆದರೆ ನಿಮ್ಮ ಅಂಜಿಕೆ ಕ್ರಿಯೆಯದಲ್ಲ, ಅವನು ಗುಂಡಿಯ ಹತ್ತಿರ ಬಂದು ನಿಲ್ಲುತ್ತಾನೋ ಇಲ್ಲವೋ ಎಂಬುದು. ನಿಲ್ಲಬಹುದು. ಅವನ ಧರ್ಮ ಅಡ್ಡ ಬರುವುದಿಲ್ಲ. ಕುರಾನಿನ 31ನೇ ಅಧ್ಯಾಯದ 15ನೇ ವಚನ, ತಂದೆತಾಯಿ ಬೇರೆ ದೇವರನ್ನು ಪೂಜಿಸು ಎಂದರೆ ಕೇಳಬೇಡ, ಆದರೂ ಈ ಲೋಕದಲ್ಲಿ ಅವರೊಂದಿಗೆ ಒಳ್ಳೆಯ ರೀತಿಯಲ್ಲಿ ಬಾಳು ಎನ್ನುತ್ತದೆ. ಪ್ರವಾದಿಯವರ ಸಂಗಾತಿ ಅಬೂಬಕರರ ಮಗಳು ಅಸ್ಮಾ, ಇಸ್ಲಾಂ ಒಪ್ಪದ ತನ್ನ ತಾಯಿ ಮನೆಗೆ ಬಂದಾಗ ಸಂಬಂಧ ಇಟ್ಟುಕೊಳ್ಳಲೇ ಎಂದು ಪ್ರವಾದಿಯವರನ್ನು ಕೇಳಿದರು. ಇಟ್ಟುಕೋ ಎಂಬ ಉತ್ತರ ಬಂತು. ಪ್ರವಾದಿಯವರ ನಡೆನುಡಿ ದಾಖಲಿಸಿದ ಸುನ್ನಿಗಳ ಹದೀಸ್ ಗ್ರಂಥಗಳಲ್ಲಿ, ಪ್ರವಾದಿಯವರ ತಂದೆಯ ಸೋದರ ಅಬೂತಾಲಿಬ್ ತೀರಿದಾಗ ಮಗ ಅಲಿಗೆ "ಹೋಗಿ ನಿನ್ನ ತಂದೆಯನ್ನು ಮಣ್ಣು ಮಾಡು" ಎಂದು ಪ್ರವಾದಿ ಹೇಳಿದ ಪ್ರಸಂಗವಿದೆ. ಅಬೂತಾಲಿಬ್ ಇಸ್ಲಾಂ ಒಪ್ಪಿರಲಿಲ್ಲ ಎಂಬುದು ಸುನ್ನಿಗಳ ನಂಬಿಕೆ. ನಿಮ್ಮ ಮಗ ವಿಭೂತಿ ಹಚ್ಚಲಿಕ್ಕಿಲ್ಲ, ಜಂಗಮರ ಕ್ರಿಯೆಯಲ್ಲಿ ಕೈ ಹಾಕಲಿಕ್ಕಿಲ್ಲ. ಹೆಗಲು ಕೊಡಬಹುದು, ಮಣ್ಣು ಹಾಕಬಹುದು. ತಡೆಯುವವರಿದ್ದರೆ ಅವರು ರುದ್ರಭೂಮಿಯ ಬಾಗಿಲಲ್ಲಿ ವಿಭೂತಿ ಗಟ್ಟಿ ಹಿಡಿದು ನಿಲ್ಲುವ ನಮ್ಮವರೇ. ಅದಕ್ಕೆ ನೀವು ಗಟ್ಟಿಯಾಗಿರುವಾಗಲೇ ಹಿರಿಯವನನ್ನು ಎದುರು ಕೂಡಿಸಿಕೊಂಡು, ಇಬ್ಬರೂ ಮಕ್ಕಳು ನನಗೆ ಮಣ್ಣು ಹಾಕಬೇಕು ಎಂದು ಹೇಳಿ, ಬರೆದೂ ಇಡಿ. ಸಣ್ಣವನಿಗೆ ಕುರಾನಿನ ವಚನ, ಹದೀಸು ನೀವು ಓದಿ ಹೇಳಲು ಹೋಗಬೇಡಿ. ಅದು ಅವನಿಗೆ ಗೊತ್ತಿರುತ್ತದೆ. "ಬರ್ತೀಯೇನು?" ಎಂದು ನೇರ ಕೇಳಿ.

ರಂಜಾನಿಗೆ ಹೋಗಿ. ನಿಮ್ಮ ಲಿಂಗ ನಿಮ್ಮ ಕೊರಳಲ್ಲಿರಲಿ, ಬೆಳಗಿನ ಪೂಜೆ ಅವನ ಮನೆಯಲ್ಲೇ ಆಗಲಿ, ಒಂದು ಮೂಲೆ ಕೇಳಿ. ಮಾಂಸ ಬೇಯದ ಪಾತ್ರೆಯಲ್ಲಿ ಅವ್ವನಿಗೆ ಅಡುಗೆ ಆಗಬೇಕೆಂದು ಹೊಸ ಕುಕ್ಕರು ತಂದಿಟ್ಟ ಹುಡುಗ ಅದಕ್ಕೆ ಇಲ್ಲ ಅನ್ನಲಾರ. ಕಳೆದ ಸಲ ನೀವು ಒಯ್ದ ಪ್ರಸಾದವನ್ನು ಅವನು ಮುಟ್ಟಲಿಲ್ಲ, ಕಣ್ಣೀರು ಬಂತು ಎಂದು ಬರೆದಿದ್ದೀರಿ. ಬೇರೆ ದೇವರಿಗೆ ಅರ್ಪಿಸಿದ್ದನ್ನು ತಿನ್ನಬಾರದೆಂಬುದು ಅವನ ಕಟ್ಟು. ನಿಮ್ಮ ಕೈಯಡುಗೆ ತಿನ್ನಬಾರದೆಂದು ಅವನಿಗೆ ಯಾರೂ ಹೇಳಿಲ್ಲ. ಶೇಂಗಾ ಹೋಳಿಗೆ ಮಾಡಿದಾಗ ನೈವೇದ್ಯಕ್ಕೆ ತೆಗೆಯುವ ಮುಂಚೆಯೇ ಅವನ ಪಾಲಿನದನ್ನು ಬೇರೆ ಡಬ್ಬಿಯಲ್ಲಿ ಹಾಕಿಡಿ. ಕೊಡುವಾಗ "ಇದು ಪ್ರಸಾದ ಅಲ್ಲಪಾ, ಬರೇ ಹೋಳಿಗಿ" ಎಂದು ಹೇಳಿ ಕೊಡಿ.

— ಸಂಪಾದಕ